ಕಾಟಾ ಬದಲಾದರೆ ಲೆಕ್ಕ ಯಾಕೆ ತಿದ್ದಬೇಕು?

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಲಿ ಮಂಡಿಗೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ದೊಡ್ಡ ಕೆಲಸವೇನಲ್ಲ. ಮೆಕ್ಕೆಜೋಳದ ಚೀಲ ಕಾಟಾದ ಮೇಲೆ ಬಂದು ಕೂರುತ್ತದೆ. ತೂಕ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುತ್ತದೆ. ಖಾಲಿ ಚೀಲದ ತೂಕ ಕಳೆದು, ರೇಟಿಗೆ ಗುಣಿಸಿ, ಹಮಾಲಿ ಹಿಡಿದುಕೊಂಡು ರೈತರ ಕೈಗೆ ಪಟ್ಟಿ, ಅಂದರೆ ಬಿಲ್ಲು, ಕೊಡುತ್ತದೆ. ಒಂದು ಸೀಸನ್ ಪೂರ್ತಿ ತಕರಾರಿಲ್ಲದೆ ನಡೆಯಿತು.

ಮುಂದಿನ ಸೀಸನ್ನಿಗೆ ಸಾಹುಕಾರರು ಹೊಸ ಕಾಟಾ ತಂದರು. ಅದಕ್ಕೂ ಹಳೆಯದರ ಹಾಗೇ ಸೀರಿಯಲ್ ಕೇಬಲ್ ಇತ್ತು. ಚುಚ್ಚಿದೆವು. ಮೊದಲ ಚೀಲ ಇಟ್ಟರು. ಕಾಟಾದ ಮೇಲೆ ಕೆಂಪು ಅಂಕಿ 52.40 ಅಂತ ಸರಿಯಾಗೇ ತೋರಿಸಿತು. ಪಟ್ಟಿಯಲ್ಲಿ ಮಾತ್ರ ಒಂದು ಲಕ್ಷದ ಮೇಲೆ ಬಂತು. ಕ್ವಿಂಟಾಲಿಗೆ 2,200 ಅಂತ ಇಟ್ಟುಕೊಂಡರೆ, ಕಳೆಯುವುದನ್ನೆಲ್ಲ ಬಿಟ್ಟು, ಆ ಚೀಲಕ್ಕೆ ಆಗಬೇಕಾದ್ದು 1,152 ರೂಪಾಯಿ 80 ಪೈಸೆ. ನಮ್ಮ ಸಾಫ್ಟ್‌ವೇರ್ ಹಾಕಿದ್ದು 1,15,280.

"ನಾನೇನ್ ಬಂಗಾರ ಬೆಳ್ದೀನಾ ಸಾವ್ಕಾರ್ರೆ?" ಅಂದರು ರೈತರು. ಎಲ್ಲರೂ ನಕ್ಕರು, ನನ್ನೊಬ್ಬನನ್ನು ಬಿಟ್ಟು.

ತಪ್ಪು ಎಲ್ಲಿದೆ ಅಂತ ಬೇಗ ಸಿಕ್ಕಿತು. ಹಳೇ ಕಾಟಾ ಕೇಬಲ್‌ನಲ್ಲಿ "052.40" ಅಂತ ಚುಕ್ಕಿ ಸಮೇತ ಕಳಿಸುತ್ತಿತ್ತು. ಹೊಸದು "005240" ಅಂತ ಕಳಿಸಿ, ಚುಕ್ಕಿ ಎಲ್ಲಿ ಬರಬೇಕು ಅನ್ನುವುದನ್ನು ಬೇರೆ ಒಂದು ಅಕ್ಷರದಲ್ಲಿ ಹೇಳುತ್ತಿತ್ತು. ಆ ಅಕ್ಷರವನ್ನು ನಾವು ಓದುತ್ತಲೇ ಇರಲಿಲ್ಲ. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಮಧ್ಯಾಹ್ನ ಪೂರ್ತಿ ಹೋಯಿತು. ಕಾಟಾದ ಸಾಲು ಓದುವ ಕೋಡ್ ಪಟ್ಟಿ ಲೆಕ್ಕದ ಒಳಗೇ ಮೂರು ಕಡೆ ಚೆದುರಿಕೊಂಡಿತ್ತು. ಖಾಲಿ ಚೀಲದ ತೂಕ ಕಳೆಯುವ ಕಡೆ ಒಂದು, ಹಮಾಲಿ ಹಿಡಿಯುವ ಕಡೆ ಒಂದು, ದಿನದ ಒಟ್ಟು ಕೂಡುವ ಕಡೆ ಇನ್ನೊಂದು.

ಆ ಮಂಡಿಯ ಗುಮಾಸ್ತರಿಗೆ ಅರವತ್ತು ದಾಟಿದೆ. ನನ್ನ ಹಿಂದೆ ನಿಂತು ನೋಡುತ್ತಿದ್ದವರು ಕೇಳಿದರು.

"ಅಲ್ಲ ತಮ್ಮಾ, ಬದ್ಲಾಗಿದ್ದು ಕಾಟಾ. ನೀನ್ಯಾಕೆ ಲೆಕ್ಕ ತಿದ್ತಾ ಇದೀಯಾ?"

"ಎರಡೂ ಒಂದೇ ಕಡೆ ಸೇರ್ಕೊಂಡಿದಾವೆ ಸಾರ್."

"ಯಾರು ಸೇರ್ಸಿದ್ದು?"

ಉತ್ತರ ಗೊತ್ತಿತ್ತು. ಹೇಳಲಿಲ್ಲ.

ಅವರು ಮುಂದುವರಿಸಿದರು. "ನಾನು ಬಂದಾಗ ಇಲ್ಲಿ ತಕ್ಕಡಿ, ಕಬ್ಬಿಣದ ಕಲ್ಲು. ಆಮೇಲೆ ಗುಂಡು ಸರಿಸೋ ಕಾಟಾ ಬಂತು. ಈಗ ಈ ಕೆಂಪು ಅಂಕಿದು. ನಾನು ಲೆಡ್ಜರ್ ಬರ್ಯೋದು ಒಂದು ದಿನಾನೂ ಬದ್ಲಾಗಿಲ್ಲ. ತೂಕದವ್ನು ಅಲ್ಲಿಂದ ಕಿಲೋದಾಗೆ ಕೂಗ್ತಾನೆ, ನಾನಿಲ್ಲಿ ಬರ್ಕಂತೀನಿ. ಅವ್ನು ಯಾವ್ದ್ರಾಗೆ ತೂಗಿದ ಅನ್ನೋದು ನಂಗ್ಯಾಕೆ?"

ಕಾಲೇಜಿನಲ್ಲಿ ಇದನ್ನು ಡಿಪೆಂಡೆನ್ಸಿ ಇನ್ವರ್ಷನ್ ಪ್ರಿನ್ಸಿಪಲ್, ಅಂದರೆ ಅವಲಂಬನೆಯ ದಿಕ್ಕು ತಿರುಗಿಸುವ ನಿಯಮ, ಅಂತ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅರ್ಥವಾಗಿದ್ದು ಮಾತ್ರ ಆವತ್ತು, ಜೋಳದ ಧೂಳಿನ ಮಧ್ಯೆ.

ಈ ನಿಯಮವನ್ನು ಈಗಿನ ರೂಪದಲ್ಲಿ ಬರೆದಿಟ್ಟವರು ಅಮೆರಿಕದ ರಾಬರ್ಟ್ ಸಿ. ಮಾರ್ಟಿನ್, 1996ರಲ್ಲಿ, ಸಿ ಪ್ಲಸ್ ಪ್ಲಸ್ ರಿಪೋರ್ಟ್ ಎಂಬ ಪತ್ರಿಕೆಯ ಲೇಖನದಲ್ಲಿ. ಸಾಫ್ಟ್‌ವೇರ್ ಲೋಕದಲ್ಲಿ ಅವರನ್ನು ಅಂಕಲ್ ಬಾಬ್ ಅಂತಲೂ ಕರೆಯುತ್ತಾರೆ. ಮುಂದೆ ಮೈಕಲ್ ಫೆದರ್ಸ್ ಇಂಥ ಐದು ನಿಯಮಗಳ ಮೊದಲ ಅಕ್ಷರಗಳನ್ನು ಜೋಡಿಸಿ ಸಾಲಿಡ್ ಅಂತ ಹೆಸರು ಮಾಡಿದರು. ಅದರ ಕೊನೆಯ ಡಿ ಇದೇ. ನಿಯಮದಲ್ಲಿ ಎರಡು ಮಾತಿದೆ. ಮೇಲಿನ ಹಂತದ ಕೋಡ್ ಕೆಳಗಿನ ಹಂತದ ಕೋಡಿನ ಮೇಲೆ ನೇರವಾಗಿ ಆತುಕೊಳ್ಳಬಾರದು, ಎರಡೂ ಒಂದು ಕರಾರಿನ ಮೇಲೆ ಆತುಕೊಳ್ಳಬೇಕು. ಎರಡನೆಯದು, ಆ ಕರಾರು ಸಣ್ಣಪುಟ್ಟ ವಿವರಗಳ ಮೇಲೆ ಆತುಕೊಳ್ಳಬಾರದು, ವಿವರಗಳೇ ಕರಾರಿಗೆ ತಕ್ಕಂತೆ ಇರಬೇಕು.

ಎಲ್ಲರೂ ಮೊದಲನೆಯ ಮಾತು ನೆನಪಿಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಜೀವ ಇರುವುದು ಎರಡನೆಯದರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಲಿನ ಹಂತ, ಕೆಳಗಿನ ಹಂತ ಅಂದರೆ ಏನು? ಆ ಸಾಫ್ಟ್‌ವೇರನ್ನು ಜನ ದುಡ್ಡು ಕೊಟ್ಟು ಯಾಕೆ ತಗೊಂಡರು ಅಂತ ಕೇಳಿ. ಉತ್ತರದಲ್ಲಿ ಬರುವುದು ಮೇಲಿನ ಹಂತ. ನಮ್ಮಲ್ಲಿ ಅದು ಪಟ್ಟಿ ಲೆಕ್ಕ. ಕಾಟಾ, ಪ್ರಿಂಟರ್, ಎಸ್‌ಎಂಎಸ್, ಡೇಟಾಬೇಸ್ ಎಲ್ಲ ಕೆಳಗಿನ ಹಂತ. ಇದರಲ್ಲಿ ಗೌರವದ ಪ್ರಶ್ನೆ ಇಲ್ಲ. ಕಾಟಾ ಇಲ್ಲದೆ ಮಂಡಿ ನಡೆಯಲ್ಲ. ಆದರೆ ಯಾರೂ ಕಾಟಾದ ಅಂಕಿ ಓದಲಿ ಅಂತ ಸಾಫ್ಟ್‌ವೇರ್ ತಗೊಂಡಿರಲಿಲ್ಲ, ಅಲ್ವಾ?

ನಮ್ಮ ಹಳೇ ಕೋಡ್ ಹೀಗಿತ್ತು. ಓದಲು ಸುಲಭವಾಗಲಿ ಅಂತ ಚೀಲ, ಹಮಾಲಿ ಕಳೆಯುವುದನ್ನು ಬಿಟ್ಟು ಕನ್ನಡಕ್ಕೆ ತಿರುಗಿಸಿದ್ದೇನೆ. ವರ್ಗ ಅಂದರೆ ಕ್ಲಾಸ್, ಒಂದು ಕೆಲಸಕ್ಕೆ ಸೇರಿದ ಕೋಡಿನ ಕಟ್ಟು.

ವರ್ಗ ಪಟ್ಟಿಲೆಕ್ಕ:
    ಕಾಟಾ = ಹಳೇಕಾಟಾ(ಪೋರ್ಟ್ 3, ವೇಗ 9600)
    ಮೊತ್ತ(ರೇಟು):
        ಸಾಲು = ಕಾಟಾ.ಸಾಲುಓದು()
        ಕಿಲೋ = ಸಾಲಿನ 7ರಿಂದ 12ನೇ ಅಕ್ಷರ, ಸಂಖ್ಯೆಯಾಗಿ
        ಕೊಡು ಕಿಲೋ / 100 × ರೇಟು

ಕೊನೆಯ ಸಾಲು ಮಂಡಿಯ ವ್ಯವಹಾರ. ಮೇಲಿನದೆಲ್ಲ ಒಂದು ಕಂಪನಿಯ ಒಂದು ಮಾಡೆಲ್ಲಿನ ಕಾಟಾದ ಸಮಾಚಾರ. ಪೋರ್ಟ್ ಎಷ್ಟನೆಯದು, ತೂಕ ಎಷ್ಟನೇ ಅಕ್ಷರದಿಂದ ಶುರು, ಇದೆಲ್ಲ ಪಟ್ಟಿಗೆ ಗೊತ್ತಿದೆ. ಗೊತ್ತಿರುವುದೇ ರೋಗ. ಗೊತ್ತಿದ್ದದ್ದು ಬದಲಾದರೆ ತಾನೂ ಬದಲಾಗಬೇಕು.

ಸರಿಪಡಿಸಿದ ಮೇಲೆ ಹೀಗಾಯಿತು. ಇಂಟರ್‌ಫೇಸ್ ಅಂದರೆ ಕೋಡಿನಲ್ಲಿ ಬರೆದ ಕರಾರು: ಏನು ಕೊಡಬೇಕು ಅಂತ ಮಾತ್ರ ಹೇಳುತ್ತದೆ, ಹೇಗೆ ಅಂತ ಹೇಳಲ್ಲ.

ಇಂಟರ್‌ಫೇಸ್ ತೂಕದವರು:
    ಚೀಲದತೂಕ() → ಕಿಲೋ

ವರ್ಗ ಪಟ್ಟಿಲೆಕ್ಕ(ತೂಕದವರು):
    ಮೊತ್ತ(ರೇಟು):
        ಕೊಡು ತೂಕದವರು.ಚೀಲದತೂಕ() / 100 × ರೇಟು

ವರ್ಗ ಹೊಸಕಾಟಾ, ತೂಕದವರು ಕರಾರಿಗೆ ಒಪ್ಪಿ:
    ಚೀಲದತೂಕ():
        ಪೋರ್ಟ್ ಓದು, ಚುಕ್ಕಿ ಹುಡುಕು, ಕಿಲೋ ಮಾಡಿ ಕೊಡು

ಈಗ ತಿರುಗಿದ್ದು ಏನು? ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ನಿಧಾನಕ್ಕೆ ನೋಡೋಣ. ಪ್ರೋಗ್ರಾಂ ಓಡುವಾಗ ಯಾರು ಯಾರನ್ನು ಕರೆಯುತ್ತಾರೆ? ಮೊದಲೂ ಪಟ್ಟಿಯೇ ಕಾಟಾವನ್ನು ಕರೆಯುತ್ತಿತ್ತು, ಈಗಲೂ ಪಟ್ಟಿಯೇ ಕರೆಯುತ್ತದೆ. ಆ ಬಾಣ ತಿರುಗಿಲ್ಲ. ಇನ್ನೊಂದು ಬಾಣ ಇದೆ: ಯಾರ ಫೈಲಿನಲ್ಲಿ ಯಾರ ಹೆಸರಿದೆ ಅನ್ನುವುದು. ಮೊದಲು ಪಟ್ಟಿಯ ಫೈಲಿನಲ್ಲಿ ಕಾಟಾದ ಹೆಸರಿತ್ತು. ಈಗ ಪಟ್ಟಿಯ ಫೈಲಿನಲ್ಲಿ ಕಾಟಾದ ಸುಳಿವೇ ಇಲ್ಲ. ಕಾಟಾದ ಫೈಲೇ ಪಟ್ಟಿಯ ಕಡೆಯ ಕರಾರಿನ ಹೆಸರು ಹೇಳಿಕೊಂಡು ಬರುತ್ತದೆ. ಕರೆ ಹೋಗುವುದು ಆ ದಿಕ್ಕಿಗೆ, ಪರಿಚಯ ಬೇಕಾಗುವುದು ಈ ದಿಕ್ಕಿನಿಂದ. ಈ ಎರಡನೇ ಬಾಣವೇ ತಿರುಗಿದ್ದು.

ತಿರುಗಿಸುವುದು ಅಂದಮೇಲೆ ಮೊದಲು ಯಾವುದೋ ದಿಕ್ಕು ಇದ್ದಿರಲೇಬೇಕು. 1970ರ ದಶಕದ ರೂಢಿ ಅದು. ದೊಡ್ಡ ಕೆಲಸವನ್ನು ಸಣ್ಣ ಫಂಕ್ಷನ್‌ಗಳಾಗಿ ಒಡೆ, ಅವನ್ನು ಇನ್ನೂ ಸಣ್ಣದಾಗಿ ಒಡೆ. ಮೇಲಿನದು ಕೆಳಗಿನದನ್ನು ಹೆಸರಿಟ್ಟು ಕರೆಯುತ್ತಾ ಹೋಗುತ್ತದೆ. ಎರಡು ಬಾಣವೂ ಒಂದೇ ಕಡೆಗೆ. ಹಾಗಾಗಿ ತಳದಲ್ಲಿ ಒಂದು ಅಲುಗಿದರೆ ತುದಿಯವರೆಗೂ ಅಲುಗಾಟ. ಮಾರ್ಟಿನ್ ಬರೆಯುತ್ತಿದ್ದದ್ದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಕೋಡ್ ಬರೆಯುವ ಜನರಿಗೆ. ಅಲ್ಲಿ ಒಂದು ಹೆಡರ್ ಫೈಲ್ ಮುಟ್ಟಿದರೆ ಅದನ್ನು ಸೇರಿಸಿಕೊಂಡ ಫೈಲುಗಳೆಲ್ಲ ಮತ್ತೆ ಕಂಪೈಲ್ ಆಗಬೇಕು, ಅಂದರೆ ಯಂತ್ರದ ಭಾಷೆಗೆ ಮತ್ತೆ ತಿರುಗಬೇಕು. ದೊಡ್ಡ ಪ್ರಾಜೆಕ್ಟುಗಳಲ್ಲಿ ಆ ಕಾಯುವಿಕೆ ಸುಮ್ನೆ ಮಾತಲ್ಲ. ಅವರ ಉದಾಹರಣೆ ಕೂಡ ತೀರಾ ಸಣ್ಣದು: ಕೀಬೋರ್ಡಿನಿಂದ ಅಕ್ಷರ ಓದಿ ಪ್ರಿಂಟರಿಗೆ ಕಳಿಸುವ ಒಂದು ನಕಲು ಪ್ರೋಗ್ರಾಂ. ನಾಳೆ ಪ್ರಿಂಟರ್ ಬೇಡ, ಡಿಸ್ಕಿಗೆ ಬರಿ ಅಂದರೆ ನಕಲು ಮಾಡುವ ಕೆಲಸ ಬದಲಾಗಿದೆಯೇ? ಇಲ್ಲ. ಆದರೂ ಆ ಕೋಡಿಗೆ ಕೈ ಹಾಕಬೇಕು. ನಮ್ಮ ಗುಮಾಸ್ತರ ಪ್ರಶ್ನೆಯೇ ಅದು.

ಈಗ ನನ್ನ ಎರಡನೇ ಪೆದ್ದುತನ ಹೇಳಬೇಕು. ಮೇಲಿನ ಸರಿಯಾದ ಕೋಡ್ ನನಗೆ ಮೊದಲ ಸಲಕ್ಕೇ ಹೊಳೆದದ್ದಲ್ಲ. ಆವತ್ತು ರಾತ್ರಿ ನಾನು ಮೊದಲು ಮಾಡಿದ್ದು "ಕಾಟಾ" ಅನ್ನುವ ಇಂಟರ್‌ಫೇಸ್. ಅದರಲ್ಲಿ ಮೂರು ಕೆಲಸ: ಪೋರ್ಟ್ ತೆರೆ, ವೇಗ ಹೊಂದಿಸು, ಸಾಲು ಓದು. ಹಳೇಕಾಟಾ, ಹೊಸಕಾಟಾ ಎರಡೂ ಅದಕ್ಕೆ ಒಪ್ಪಿದವು. ಇಂಟರ್‌ಫೇಸ್ ಬಂತಲ್ಲ, ನಿಯಮ ಪಾಲಿಸಿದೆ ಅಂತ ಖುಷಿಯಾಗಿ ಮಲಗಿದೆ.

ಒಂದು ವಾರಕ್ಕೆ ಕರೆಂಟ್ ಹೋಯಿತು. ಕಾಟಾಕ್ಕೆ ಬ್ಯಾಟರಿ ಇತ್ತು, ಲ್ಯಾಪ್‌ಟಾಪಿಗೂ ಇತ್ತು. ಮಧ್ಯೆ ಕೇಬಲ್ ಜೋಡಿಸುವ ಡಬ್ಬಿಗೆ ಇರಲಿಲ್ಲ. ತೂಕವನ್ನು ಕೈಯಲ್ಲಿ ಟೈಪ್ ಮಾಡುತ್ತೇವೆ, ಪಟ್ಟಿ ಕೊಡಿ ಅಂದರು. ಕೈಯಲ್ಲಿ ಟೈಪ್ ಮಾಡುವುದಕ್ಕೆ ಪೋರ್ಟ್ ಯಾವುದು? ವೇಗ ಎಷ್ಟು? ಹೊಂದಲೇ ಇಲ್ಲ. ನಾನು ಬರೆದಿದ್ದ ಕರಾರು ಕಾಟಾದ ಮೈಗೆ ಅಳತೆ ತೆಗೆದು ಹೊಲಿದ ಅಂಗಿ. ಪಟ್ಟಿ ಇನ್ನೂ ಕಾಟಾದ ಮಾತನ್ನೇ ಆಡುತ್ತಿತ್ತು. ಹೆಸರಿಗೊಂದು ಇಂಟರ್‌ಫೇಸ್ ಇತ್ತು, ಏನೂ ತಿರುಗಿರಲಿಲ್ಲ.

ಗುಮಾಸ್ತರ ಮಾತಿಗೆ ಮತ್ತೆ ಹೋಗಿ ನೋಡಿ. ತೂಕದವನು ಕಿಲೋದಲ್ಲೇ ಕೂಗಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ತಕ್ಕಡಿಯಲ್ಲ. ತಕ್ಕಡಿಗೆ ಕಲ್ಲು ಮಾತ್ರ ಗೊತ್ತು. ಲೆಡ್ಜರಿನಲ್ಲಿ ಕಿಲೋದ ಕಾಲಂ ಇದೆ, ಅದಕ್ಕೇ ಕೂಗು ಕಿಲೋದಲ್ಲಿದೆ. ಬೇಕು ಅನ್ನುವವರು ತಮ್ಮ ಮಾತಿನಲ್ಲಿ ಕೇಳುತ್ತಾರೆ, ಕೊಡುವವರು ತಮ್ಮ ಕಲ್ಲು ಗುಂಡು ಎಲ್ಲವನ್ನೂ ಆ ಮಾತಿಗೆ ತಿರುಗಿಸಿಕೊಂಡು ಕೊಡುತ್ತಾರೆ. ಕರಾರಿನ ಯಜಮಾನಿಕೆ ಲೆಡ್ಜರಿನ ಕಡೆ ಇದೆ. ನಿಯಮದ ಎರಡನೇ ಮಾತು ಹೇಳುವುದು ಇದನ್ನೇ. ಆದ್ದರಿಂದಲೇ ಇಂಟರ್‌ಫೇಸಿನ ಹೆಸರು "ಕಾಟಾ" ಹೋಗಿ "ತೂಕದವರು" ಆಯಿತು. ಫೈಲನ್ನೂ ಕಾಟಾ ಫೋಲ್ಡರಿನಿಂದ ಎತ್ತಿ ಪಟ್ಟಿ ಫೋಲ್ಡರಿಗೆ ಹಾಕಿದೆ. ಈ ಎರಡನೆಯದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ಜಾವಾದಲ್ಲಾಗಲಿ ಸಿ ಶಾರ್ಪ್‌ನಲ್ಲಾಗಲಿ ಇಂಟರ್‌ಫೇಸ್ ಕಾಟಾದ ಪ್ಯಾಕೇಜಿನಲ್ಲೇ ಕೂತಿದ್ದರೆ, ಪಟ್ಟಿ ಅದನ್ನು ಇಂಪೋರ್ಟ್ ಮಾಡಿಕೊಳ್ಳಲೇಬೇಕು. ಬಾಣ ಮತ್ತೆ ಹಳೇ ದಿಕ್ಕಿಗೆ.

ಪರೀಕ್ಷೆ ಸುಲಭ. ಒಂದು ನಕಲು ಮಾಡಿಕೊಂಡು, ಅದರಲ್ಲಿ ಕಾಟಾದ ಫೋಲ್ಡರ್ ಅಳಿಸಿಬಿಡಿ. ಪಟ್ಟಿ ಫೋಲ್ಡರ್ ಒಂದೇ ಕಂಪೈಲ್ ಆಗುತ್ತದಾ? ಆಯಿತು ಅಂದರೆ ತಿರುಗಿದೆ. ಇಲ್ಲ ಅಂದರೆ ಎಷ್ಟೇ ಇಂಟರ್‌ಫೇಸ್ ಬರೆದಿದ್ದರೂ ತಿರುಗಿಲ್ಲ.

ಹೆಸರು, ಫೋಲ್ಡರ್ ಎರಡೂ ಸರಿಯಾದ ಮೇಲೂ ಸೋರಿಕೆ ಇರುತ್ತದೆ. ನಮಗೆ ಸೋರಿದ್ದು ಎರಡು ಕಡೆ. ಚೀಲ ಇಟ್ಟ ಕೂಡಲೇ ಅಂಕಿ ಕುಣಿಯುತ್ತದೆ. ಕೆಲವು ಕಾಟಾಗಳು ತೂಕದ ಜೊತೆಗೆ "ನಿಂತಿದೆ", "ಇನ್ನೂ ನಿಂತಿಲ್ಲ" ಅನ್ನುವ ಗುರುತನ್ನೂ ಕಳಿಸುತ್ತವೆ. ಆ ಗುರುತನ್ನು ಪಟ್ಟಿಗೆ ಕೊಡಬೇಕಾ? ನಾನು ಕೊಟ್ಟಿದ್ದೆ, ಜೊತೆಗಿದ್ದವರು ತೆಗೆಸಿದರು. ಮುಳ್ಳು ನಿಲ್ಲುವ ಮೊದಲು ತೂಕದವನು ಕೂಗುತ್ತಾನಾ? ಕಾಯುವುದು ಅವನ ಕೆಲಸ. ಹಾಗೇ ಹೊಸಕಾಟಾ ವರ್ಗವೇ ಒಳಗೆ ಕಾದು, ಅಂಕಿ ನಿಂತ ಮೇಲೆ ಕೊಡುತ್ತದೆ.

ಎರಡನೆಯದು ದೋಷದ ಸುದ್ದಿ. ಕೇಬಲ್ ಕಿತ್ತುಬಂದರೆ ಸೀರಿಯಲ್ ಪೋರ್ಟಿನ ಎಕ್ಸೆಪ್ಷನ್ ಸೀದಾ ಮೇಲಕ್ಕೆ ಹಾರಿ ಪಟ್ಟಿ ಲೆಕ್ಕದಲ್ಲಿ ಬಂದು ಬೀಳುತ್ತಿತ್ತು. ಅದನ್ನು ಹಿಡಿಯಬೇಕಾದರೆ ಪಟ್ಟಿಗೆ ಸೀರಿಯಲ್ ಪೋರ್ಟ್ ಗೊತ್ತಿರಬೇಕು. ಬಾಗಿಲಲ್ಲಿ ಹೊರಗೆ ಹಾಕಿದವನು ಕಿಟಕಿಯಲ್ಲಿ ಬಂದ ಹಾಗೆ. ಈಗ ಕಾಟಾದ ಕೋಡೇ ಅದನ್ನು ಹಿಡಿದು "ತೂಕ ಸಿಗಲಿಲ್ಲ" ಅಂತ ಪಟ್ಟಿಗೆ ಅರ್ಥವಾಗುವ ಒಂದೇ ಮಾತಿನಲ್ಲಿ ಹೇಳುತ್ತದೆ. ಯಾಕೆ ಸಿಗಲಿಲ್ಲ ಅನ್ನುವುದು ಲಾಗ್ ಫೈಲಿಗೆ ಹೋಗುತ್ತದೆ. ಡೇಟಾಬೇಸ್ ವಿಷಯದಲ್ಲಿ ಈ ಸೋರಿಕೆ ಇನ್ನೂ ಜಾಸ್ತಿ. "ರೈತರ ಖಾತೆ ಕೊಡು" ಅಂತ ಕೇಳಿದರೆ ಟೇಬಲ್ಲಿನ ಸಾಲನ್ನೇ ಎತ್ತಿ ಕೊಡುವ ಇಂಟರ್‌ಫೇಸ್‌ಗಳನ್ನು ಎಷ್ಟೋ ನೋಡಿದ್ದೇನೆ.

ಸರಿ, ಪಟ್ಟಿಗೆ ಕಾಟಾ ಗೊತ್ತಿಲ್ಲ. ಹಾಗಾದರೆ ಇಬ್ಬರನ್ನೂ ಜೋಡಿಸುವವರು ಯಾರು? ಯಾರಾದರೂ ಒಬ್ಬರು ಕೈ ಕೆಸರು ಮಾಡಿಕೊಳ್ಳಲೇಬೇಕು. ಅದು ಪ್ರೋಗ್ರಾಂ ಶುರುವಾಗುವ ಮೇನ್ ಫೈಲ್. ಪಟ್ಟಿಲೆಕ್ಕ(ಹೊಸಕಾಟಾ(ಪೋರ್ಟ್ 3)) ಅಂತ ಅಲ್ಲಿ ಒಂದು ಸಾಲು. ಕರೆಂಟ್ ಹೋದ ದಿನಕ್ಕೆ ಪಟ್ಟಿಲೆಕ್ಕ(ಕೈತೂಕ()) ಅಂತ ಇನ್ನೊಂದು. ಹೀಗೆ ಬೇಕಾದದ್ದನ್ನು ಹೊರಗಿನಿಂದ ಕೈಗೆ ಕೊಡುವುದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನುತ್ತಾರೆ. ಆ ಹೆಸರನ್ನು ಮಾರ್ಟಿನ್ ಫೌಲರ್ 2004ರ ಒಂದು ಲೇಖನದಲ್ಲಿ ಬಿಡಿಸಿ ಹೇಳಿ ನೆಲೆ ನಿಲ್ಲಿಸಿದರು. ಇಂಟರ್‌ವ್ಯೂಗಳಲ್ಲಿ ಹುಡುಗರು ಇನ್ವರ್ಷನ್ನೂ ಇಂಜೆಕ್ಷನ್ನೂ ಒಂದೇ ಅನ್ನುವುದನ್ನು ಕೇಳಿದ್ದೇನೆ. ಹೆಸರು ಹತ್ತಿರ ಇರುವುದರಿಂದ ಪಾಪ ಅವರದ್ದೇನೂ ತಪ್ಪಿಲ್ಲ. ಆದರೆ ನನ್ನ ಆ ಕೆಟ್ಟ "ಕಾಟಾ" ಇಂಟರ್‌ಫೇಸನ್ನೂ ಹೊರಗಿನಿಂದ ಇಂಜೆಕ್ಟ್ ಮಾಡಬಹುದಿತ್ತು. ಸ್ಪ್ರಿಂಗ್ ತರಹದ ಫ್ರೇಮ್‌ವರ್ಕ್ ಹಾಕಿದರೆ ಅದು ಬೇಕಾದ ವಸ್ತುವನ್ನು ತಂದು ಕೈಗಿಡುತ್ತದೆ, ಕರಾರು ಯಾರ ಮಾತಿನಲ್ಲಿದೆ ಅಂತ ಅದು ಕೇಳಲ್ಲ. ಪೈಥಾನ್‌ನಲ್ಲಿ ಇಂಟರ್‌ಫೇಸ್ ಅಂತ ಬರೆಯದೆಯೂ ಇದನ್ನೆಲ್ಲ ಮಾಡಬಹುದು. ಬರೆದೇ ತೀರಬೇಕು ಅನ್ನುವವರಿಗೆ 2019ರ 3.8ನೇ ಆವೃತ್ತಿಯಿಂದ ಪ್ರೋಟೋಕಾಲ್ ಅನ್ನುವ ಸೌಲಭ್ಯ ಇದೆ.

ಇದರಿಂದ ನಮಗೆ ಆದ ದೊಡ್ಡ ಲಾಭ ನಾನು ನಿರೀಕ್ಷಿಸದ ಕಡೆಯಿಂದ ಬಂತು. ಮೊದಲು ಪಟ್ಟಿ ಲೆಕ್ಕ ಟೆಸ್ಟ್ ಮಾಡಲು ಆಫೀಸಿನಲ್ಲಿ ಒಂದು ಹಳೇ ಕಾಟಾ ಇಟ್ಟುಕೊಂಡಿದ್ದೆವು. ಜೋಳದ ಚೀಲ ಎಲ್ಲಿಂದ ತರುವುದು? ಸಂಜೆ ತಿನ್ನಲು ತಂದ ಮಂಡಕ್ಕಿ ಚೀಲವನ್ನೇ ಇಡುತ್ತಿದ್ದೆವು. ಮಂಡಕ್ಕಿ ಎಷ್ಟು ತೂಗೀತು! ನಮ್ಮ ಟೆಸ್ಟ್ ಪಟ್ಟಿಗಳೆಲ್ಲ ಎರಡು ಮೂರು ಕಿಲೋದ ಮೇಲೆ ಹೋಗಿದ್ದೇ ಇಲ್ಲ. ಈಗ ಕೇಳಿದಾಗಲೆಲ್ಲ 52.40 ಅನ್ನುವ ಒಂದು ಸುಳ್ಳು ತೂಕದವರನ್ನು ಮಾಡಿದ್ದೇವೆ. "ತೂಕ ಸಿಗಲಿಲ್ಲ" ಅನ್ನುವವರೂ ಒಬ್ಬರಿದ್ದಾರೆ. ನೂರು ಟೆಸ್ಟ್ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತವೆ. ಮಂಡಕ್ಕಿ ತಿನ್ನಲು ಉಳಿಯುತ್ತದೆ.

ಇಷ್ಟು ರುಚಿ ಹತ್ತಿದ ಮೇಲೆ ನಾನು ಎಲ್ಲವನ್ನೂ ತಿರುಗಿಸಲು ಹೊರಟೆ. ದಿನಾಂಕಕ್ಕೊಂದು ಇಂಟರ್‌ಫೇಸ್, ಮೊತ್ತ ರೌಂಡ್ ಮಾಡಲು ಒಂದು ಇಂಟರ್‌ಫೇಸ್. ಒಂದೊಂದು ಸಾಲು ಓದಲೂ ಮೂರು ಫೈಲ್ ತೆಗೆಯಬೇಕಾಯಿತು. ಇದು ಹುಚ್ಚು. ಭಾಷೆಯ ಜೊತೆಗೇ ಬರುವ ಸ್ಟ್ರಿಂಗ್, ಗಣಿತ, ಲಿಸ್ಟ್‌ಗಳಂಥವು ನಾಳೆ ಬೆಳಗ್ಗೆ ಬದಲಾಗುವುದಿಲ್ಲ. ಅವುಗಳ ಮೇಲೆ ನೇರವಾಗಿ ಒರಗಿಕೊಂಡರೆ ಏನೂ ತಪ್ಪಿಲ್ಲ, ರಾಬರ್ಟ್ ಮಾರ್ಟಿನ್ ಕೂಡ ಹಾಗೇ ಹೇಳುತ್ತಾರೆ. ನಾನೀಗ ಕೇಳಿಕೊಳ್ಳುವುದು ಇಷ್ಟೇ: ಇದು ನಮ್ಮ ಮಂಡಿಗೆ ಸಂಬಂಧವೇ ಇಲ್ಲದ ಯಾರದೋ ತೀರ್ಮಾನದಿಂದ ಬದಲಾಗಬಹುದಾ?

ಎಸ್‌ಎಂಎಸ್ ಅಂಥದ್ದು. ವ್ಯವಹಾರದ ಎಸ್‌ಎಂಎಸ್ ಕಳಿಸುವವರು ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ಮಾಡಿತು. 2021ರ ಮಾರ್ಚ್ 8ರಂದು ಅದು ಬಿಗಿಯಾಗಿ ಜಾರಿಯಾದಾಗ ಬ್ಯಾಂಕುಗಳ ಓಟಿಪಿಗಳೇ ಬರದೆ ದೇಶವೆಲ್ಲ ಗಲಾಟೆಯಾಯಿತು, ಕೆಲವು ದಿನ ತಡೆಹಿಡಿಯಬೇಕಾಯಿತು. "ನಿಮ್ಮ ಪಟ್ಟಿ ತಯಾರಾಗಿದೆ" ಅಂತ ರೈತರಿಗೆ ಹೋಗುವ ನಮ್ಮ ಸಂದೇಶದ ಜೊತೆಗೂ ಈಗ ಆ ಮಾದರಿಯ ಸಂಖ್ಯೆ ಹೋಗಬೇಕು. ಜೋಳದ ಲೆಕ್ಕಕ್ಕೂ ಅದಕ್ಕೂ ಏನು ಸಂಬಂಧ? ಪಟ್ಟಿಯ ಕರಾರಿನಲ್ಲಿ "ರೈತರಿಗೆ ತಿಳಿಸು" ಅಂತ ಮಾತ್ರ ಇದೆ. ಸಂಖ್ಯೆಯ ತಲೆನೋವು ಎಸ್‌ಎಂಎಸ್ ವರ್ಗದ್ದು. ನಾಳೆ ವಾಟ್ಸಾಪ್‌ನಲ್ಲಿ ಕಳಿಸಿ ಅಂದರೂ ಪಟ್ಟಿ ಅಲುಗುವುದಿಲ್ಲ.

ಅಷ್ಟಾದರೂ ಹೋದ ಸೀಸನ್ನಿನಲ್ಲಿ ಪಟ್ಟಿಯ ಕರಾರನ್ನೇ ತಿದ್ದಬೇಕಾಗಿ ಬಂತು. ಚೀಲ ಕಟ್ಟದೆ ಟ್ರ್ಯಾಕ್ಟರಿನಲ್ಲಿ ಬಿಡಿಯಾಗಿ ಬರುವ ಜೋಳವನ್ನೂ ಈ ಸಾಫ್ಟ್‌ವೇರಿನಲ್ಲೇ ತಗೊಳ್ಳುತ್ತೇವೆ ಅಂದರು ಸಾಹುಕಾರರು. ಅದನ್ನು ತೂಗುವುದು ವೇ ಬ್ರಿಡ್ಜ್‌ನಲ್ಲಿ. ತುಂಬಿದ ಗಾಡಿ ಒಂದು ಸಲ, ಖಾಲಿ ಗಾಡಿ ಒಂದು ಸಲ, ಕಳೆದು ಉಳಿದದ್ದು ತೂಕ. ಎರಡು ಸಲ ತೂಗುವುದನ್ನು ಹೊಸ ವರ್ಗದ ಒಳಗೇ ಮುಚ್ಚಿಟ್ಟೆ, ಅದು ಸಲೀಸಾಯಿತು. ಆದರೆ "ಚೀಲದತೂಕ" ಅನ್ನುವ ಹೆಸರು ಸುಳ್ಳಾಯಿತು. ಪಟ್ಟಿಯೂ ತೂಕ ಬಂದ ಕೂಡಲೇ ಖಾಲಿ ಚೀಲದ ತೂಕ ಕಳೆಯಲು ಹೊರಡುತ್ತಿತ್ತು, ಇಲ್ಲಿ ಚೀಲವೇ ಇಲ್ಲ.

ನನಗೆ ಮೊದಲು ಬೇಜಾರಾಯಿತು. ಇಷ್ಟೆಲ್ಲ ತಿರುಗಿಸಿದ್ದು ಮತ್ತೆ ಇಲ್ಲಿಗೇ ಬಂತಲ್ಲ ಅಂತ. ಆಮೇಲೆ ನೋಡಿದರೆ ಈ ಸಲ ಬದಲಾಗಿದ್ದು ಯಂತ್ರವಲ್ಲ, ವ್ಯಾಪಾರ. ಲೆಕ್ಕ ಹಾಕುವ ರೀತಿಯೇ ಬೇರೆಯಾಗಿದೆ. ಹಾಗಿದ್ದ ಮೇಲೆ ಲೆಕ್ಕದ ಕೋಡ್ ತಿದ್ದದೆ ಇನ್ನೇನು ತಿದ್ದುವುದು? ಖಾಲಿ ಚೀಲದ ತೂಕ ಕಳೆಯುವುದನ್ನು ಚೀಲದ ವ್ಯಾಪಾರಕ್ಕೆ ಮಾತ್ರ ಬಿಟ್ಟು, ಗುಮಾಸ್ತರ ಹತ್ತಿರ ಹೋಗಿ ಕೂತೆ.

"ಸಾರ್, ಚೀಲದಾಗಿದ್ರೂ ಸರಿ, ಗಾಡಿಯಾಗಿದ್ರೂ ಸರಿ, ಎರಡಕ್ಕೂ ಹೊಂದೋ ಹಂಗೆ ಏನಂತ ಕೇಳ್ತೀರಿ ತೂಕದವ್ರನ್ನ?"

ಅವರು ಲೆಡ್ಜರಿನಿಂದ ತಲೆ ಎತ್ತಲಿಲ್ಲ. "ಮಾಲಿನ ತೂಕ ಅಂತ ಬರ್ಕ ತಮ್ಮಾ."

ಕೋಡಿನಲ್ಲಿ ಈಗ ಹಾಗೇ ಇದೆ.